ಹಾಲುಹಲ್ಲಿನ ಪಾಠ

ನಮ್ಮ ಅತ್ತೆಯವರ ಎಡಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಸಣ್ಣ ಚುಕ್ಕೆಗಳಿವೆ. ಸಾಸಿವೆ ಕಾಳಿನಷ್ಟು ಗಾತ್ರ. ನೋಡಿದವರು ಒಗ್ಗರಣೆ ಸಿಡಿದಿರಬೇಕು ಎಂದುಕೊಳ್ಳುತ್ತಾರೆ. ಅವು ಒಂದು ನಾಯಿಮರಿಯ ಹಲ್ಲಿನ ಗುರುತುಗಳು. ಆ ಗುರುತುಗಳಲ್ಲಿ ಮರಿಯ ಪಾಲೆಷ್ಟು, ನನ್ನ ಪಾಲೆಷ್ಟು ಎಂಬ ಲೆಕ್ಕವನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ನಮ್ಮ ಮನೆ ಇರುವುದು ತಿಪಟೂರು ಸೀಮೆಯ ಒಂದು ಊರಿನ ಅಂಚಿನಲ್ಲಿ. ಹಿಂದೆ ತೆಂಗಿನ ತೋಟ, ಪಕ್ಕದಲ್ಲಿ ಕೊಬ್ಬರಿ ಅಟ್ಟ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಕಾದು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಕರಟದಿಂದ ಬಿಟ್ಟುಕೊಂಡ ಮೇಲೆ ಒಡೆದು ಉಂಡೆಕೊಬ್ಬರಿ ಮಾಡುವುದು ಇಲ್ಲಿನ ಪದ್ಧತಿ. ವರ್ಷದ ಗಳಿಕೆಯೆಲ್ಲ ಆ ಅಟ್ಟದ ಮೇಲೆ ಕೂತಿರುತ್ತದೆ. ಹೆಗ್ಗಣವೂ ಅದಕ್ಕೆ ಕಾದಿರುತ್ತದೆ, ಕಳ್ಳನೂ ಕಾದಿರುತ್ತಾನೆ. ಆದ್ದರಿಂದ ಸುತ್ತಲಿನ ತೋಟದ ಮನೆಗಳಲ್ಲೆಲ್ಲ ನಾಯಿಗಳಿವೆ. ನಮ್ಮಲ್ಲಿ ಮಾತ್ರ ಇರಲಿಲ್ಲ. ಉರ್ದು ಶಾಲೆಯಲ್ಲಿ ಪತ್ರಸ್ ಬುಖಾರಿಯವರ ‘ಕುತ್ತೇ’ ಎಂಬ ಹಾಸ್ಯಪ್ರಬಂಧ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ನಾನು. ಆದರೆ ನಮ್ಮಂಥ ಮನೆಗಳಲ್ಲಿ ನಾಯಿಯ ಸಹವಾಸ ಅಷ್ಟಕ್ಕೇ ಮುಗಿಯುತ್ತದೆ. ಪುಸ್ತಕದಲ್ಲಿದ್ದರೆ ನಗುವುದು, ಬೀದಿಯಲ್ಲಿದ್ದರೆ ಸೆರಗು ಎತ್ತಿ ಹಿಡಿದು ಪಕ್ಕಕ್ಕೆ ಸರಿಯುವುದು.

ಶಾಲೆ ಶುರುವಾದ ಜೂನ್ ತಿಂಗಳ ಒಂದು ಸಂಜೆ ಏಳನೇ ತರಗತಿಯ ನನ್ನ ಮಗ ರೇನ್‌ಕೋಟಿನೊಳಗೆ ಏನನ್ನೋ ಅವಿತಿಟ್ಟುಕೊಂಡು ಬಂದ. ಬಿಚ್ಚಿದರೆ ಒಂದು ಕಂದು ಬಣ್ಣದ ಮರಿ. ಹೆದ್ದಾರಿಯಲ್ಲಿ ತಾಯಿ ಲಾರಿಗೆ ಸಿಕ್ಕಿತ್ತಂತೆ. ಜೊತೆಗಿದ್ದ ಎರಡು ಮರಿಗಳಲ್ಲಿ ಒಂದು ಅಲ್ಲೇ ಹೋಗಿತ್ತು, ಇನ್ನೊಂದನ್ನು ಯಾರೋ ಒಯ್ದಿದ್ದರು. ಇದಕ್ಕೆ ಹೆಚ್ಚೆಂದರೆ ಐದು ವಾರ. ನಡೆದರೆ ಹಿಂಗಾಲು ಒಂದು ಕಡೆ, ಮುಂಗಾಲು ಒಂದು ಕಡೆ.

ಅತ್ತೆ ಬಾಗಿಲಲ್ಲೇ ತಡೆದರು. ನಾಯಿ ಇರುವ ಮನೆಗೆ ರಹಮತ್ತಿನ ಫರಿಶ್ತೆಗಳು ಬರುವುದಿಲ್ಲ ಎಂದು ಅವರು ಚಿಕ್ಕಂದಿನಿಂದ ಕೇಳಿಕೊಂಡು ಬಂದವರು. ನನ್ನ ಮನೆಯವರು ಮೆಲ್ಲನೆ, "ಅಮ್ಮಾ, ತೋಟ ಕಾಯೋಕೆ, ದನ ಕಾಯೋಕೆ ನಾಯಿ ಸಾಕಬಹುದು ಅಂತ ಹದೀಸಿನಲ್ಲೇ ಇದೆಯಲ್ಲ" ಎಂದರು. ಅತ್ತೆ ಮರಿಯನ್ನು ಮೇಲಿಂದ ಕೆಳಗೆ ನೋಡಿ, "ಇದು ತೋಟ ಕಾಯುತ್ತೋ, ತೋಟದವರು ಇದನ್ನ ಕಾಯಬೇಕೋ?" ಎಂದರು. ಆದರೂ ಮಳೆ ಜೋರಾಗಿತ್ತು, ಮೊಮ್ಮಗನ ಕಣ್ಣಲ್ಲಿ ನೀರಿತ್ತು. ಹಿತ್ತಲಿನ ಹೊಸ್ತಿಲು ದಾಟಬಾರದು ಎಂಬ ಷರತ್ತಿನ ಮೇಲೆ ಮರಿ ಉಳಿಯಿತು. ಮಗ ಅದಕ್ಕೆ ಶೇರು ಎಂದು ಹೆಸರಿಟ್ಟ. ಅತ್ತೆಗೆ ಮಾತ್ರ ಅದು ಬರೀ ‘ಅದು’.

ಎರಡೇ ವಾರದಲ್ಲಿ ಶೇರುವಿನ ಹಲ್ಲುಗಳ ಪರಿಚಯ ಎಲ್ಲರಿಗೂ ಆಯಿತು. ನಾಯಿಮರಿಗೆ ಹಾಲುಹಲ್ಲುಗಳು 28. ಒಂದೊಂದೂ ಸೂಜಿಯ ಮೊನೆ. ಮಗಳ ಕಾಲ್ಗೆಜ್ಜೆ, ಮಗನ ತೋಳು, ನನ್ನ ದುಪಟ್ಟಾ, ಒಣಹಾಕಿದ ಲುಂಗಿ, ಯಾವುದನ್ನೂ ಅದು ಬಿಡಲಿಲ್ಲ. ಓಡಿದರೆ ಅಟ್ಟಿಸಿಕೊಂಡು ಬರುತ್ತಿತ್ತು, ಕಿರುಚಿದರೆ ಇನ್ನಷ್ಟು ಹುರುಪಿನಿಂದ ಹಾರುತ್ತಿತ್ತು.

ಬೇರೆಯವರ ಮನೆಯಲ್ಲಿ ಇದು ಬರೀ ತರಲೆ. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಮುಖವಿತ್ತು. ನಾವು ಹನಫಿ ಪದ್ಧತಿಯವರು. ನಾಯಿಯ ಒಣ ಮೈ ತಾಗಿದರೆ ಅಷ್ಟು ಚಿಂತೆಯಿಲ್ಲ, ಜೊಲ್ಲು ತಾಗಿದರೆ ಆ ಜಾಗ ತೊಳೆಯದೆ ನಮಾಜು ಮಾಡುವಂತಿಲ್ಲ. ಅತ್ತೆ ವುಜೂ ಮಾಡುವ ನಲ್ಲಿ ಇರುವುದು ಹಿತ್ತಲಿನಲ್ಲಿ. ದಿನಕ್ಕೆ ಐದು ಹೊತ್ತು ಅವರು ಅಲ್ಲಿಗೆ ಬರುತ್ತಾರೆ ಎಂಬುದನ್ನು ಮರಿ ಬೇಗ ಕಂಡುಕೊಂಡಿತ್ತು. ಎಪ್ಪತ್ತೊಂದು ವರ್ಷದ ಹೆಂಗಸು ಮಂಡಿ ನೋವಿನಲ್ಲಿ ಕೂತು ವುಜೂ ಮುಗಿಸಿ ಏಳುವುದಕ್ಕೂ ಇದು ಬಂದು ಸೀರೆಯ ಅಂಚು ಕಚ್ಚಿ ಎಳೆಯುವುದಕ್ಕೂ ಸರಿಹೋಗುತ್ತಿತ್ತು. ಅವರು ಮತ್ತೆ ಸೀರೆ ಬದಲಿಸಬೇಕು. ಒಂದು ದಿನ ಮಗ್ರಿಬ್‌ನ ಹೊತ್ತು ಮೀರಿಹೋಯಿತು. ಅವತ್ತು ಅತ್ತೆ ಊಟ ಮಾಡಲಿಲ್ಲ. ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಾರನೆಯ ದಿನ ನಾನು ಪೊರಕೆ ಎತ್ತಿಕೊಂಡೆ.

ಉಪದೇಶಗಳಿಗೇನೂ ಕೊರತೆಯಿರಲಿಲ್ಲ. ಮೂತಿಯ ಮೇಲೆ ಕೊಡಿ ಎಂದರು ಒಬ್ಬರು. ಬಾಯಿ ಮುಚ್ಚಿ ಹಿಡಿದುಕೊಳ್ಳಿ ಎಂದರು ಇನ್ನೊಬ್ಬರು. ಕೈಗೆ ಮೆಣಸಿನಪುಡಿ ಹಚ್ಚಿಕೊಳ್ಳಿ ಎಂದವರೂ ಉಂಟು. ನಾನು ಆರಿಸಿಕೊಂಡದ್ದು ಪೊರಕೆಯ ಹಿಡಿ. ಕಚ್ಚಿದಾಗಲೆಲ್ಲ ಮೂತಿಗೊಂದು ಏಟು. ಮಕ್ಕಳು ಶಾಲೆಗೆ, ಇವರು ಮಂಡಿಗೆ ಹೋದ ಮೇಲೆ ಮನೆಯಲ್ಲಿ ನೋಡುವವರು ಯಾರೂ ಇರುತ್ತಿರಲಿಲ್ಲ. ಮೊದಲೆರಡು ದಿನ ಮರಿ ಕುಂಯ್‌ಗುಟ್ಟಿ ಹೊಟ್ಟೆ ಮೇಲೆ ಮಾಡಿ ಮಲಗಿತು. ಆಮೇಲೆ ನನ್ನ ಕೈ ಕಂಡರೆ ತಲೆ ಹಿಂದಕ್ಕೆ ಎಳೆದುಕೊಳ್ಳತೊಡಗಿತು. ವಾರದ ಕೊನೆಗೆ ಗಂಟಲಿನೊಳಗೇ ಗುರ್ ಎಂದಿತು. ಹೆದರಿಕೆ ಬಂದಿದೆ, ಕಲಿಯುತ್ತಿದೆ ಎಂದುಕೊಂಡೆ.

ಹಾಗೆ ಅಂದುಕೊಳ್ಳಲು ನಾಚಿಕೆಯಾಗಬೇಕಿತ್ತು. ಏಕೆಂದರೆ ಏಟಿನ ಪಾಠ ನನಗೆ ಹೊಸದಲ್ಲ. ಅರಬ್ಬಿ ಮದರಸಾದಲ್ಲಿ ನಮ್ಮ ಹಜರತರ ಕೈಯಲ್ಲಿ ಸದಾ ಒಂದು ಛಡಿ ಇರುತ್ತಿತ್ತು. ಉಚ್ಚಾರ ತಪ್ಪಿದರೆ ಅಂಗೈಗೆ ಒಂದು. ಗಂಟಲಾಳದಿಂದ ಹೊರಡಬೇಕಾದ ‘ಐನ್’ ಅಕ್ಷರ ನನ್ನ ಬಾಯಲ್ಲಿ ಇವತ್ತಿಗೂ ಸರಿಯಾಗಿ ಹೊರಡುವುದಿಲ್ಲ. ಆದರೆ ಹಜರತರ ಛಡಿ ಎಷ್ಟು ಸಾಲಿನವರೆಗೆ ಚಾಚುತ್ತಿತ್ತು ಎಂಬುದನ್ನು ಈಗಲೂ ಅಳೆದು ಹೇಳಬಲ್ಲೆ. ನಾನು ಕಲಿತದ್ದು ಆ ಅಳತೆಯನ್ನು. ಮರಿಯೂ ಅದನ್ನೇ ಕಲಿಯುತ್ತಿತ್ತು.

ಒಂದು ಬೆಳಿಗ್ಗೆ ಅದು ಅತ್ತೆಯ ಚಪ್ಪಲಿಯನ್ನು ಕಚ್ಚಿಕೊಂಡು ಮೂಲೆಯಲ್ಲಿ ಕೂತಿತ್ತು. ಅತ್ತೆ ಬಗ್ಗಿ, ಮೇಲಿನಿಂದ ಕೈ ಚಾಚಿದರು. ಮೇಲಿನಿಂದ ಬರುವ ಕೈಗೆ ಏನರ್ಥ ಎಂದು ನಾನು ಒಂದು ವಾರ ಅದಕ್ಕೆ ಹೇಳಿಕೊಟ್ಟಿದ್ದೆ. ಅದು ಕಚ್ಚಿತು. ಈ ಸಲ ಆಟದ ಕಚ್ಚು ಅಲ್ಲ. ರಕ್ತ ಬಂತು.

ಅತ್ತೆಗೆ ಸಕ್ಕರೆ ಕಾಯಿಲೆ. ನನಗೆ ಕೈಕಾಲು ಆಡಲಿಲ್ಲ, ಅರಿಸಿನ ತರಲು ಒಳಗೆ ಓಡಿದೆ. ಮಗ ಅಡ್ಡ ನಿಂತು, "ಅರಿಸಿನ ಗಿರಿಸಿನ ಏನೂ ಬೇಡಮ್ಮಾ" ಎನ್ನುತ್ತ ದಾದಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆಯತೊಡಗಿದ. ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ, 15 ನಿಮಿಷ ಬಿಡದೆ ತೊಳೆಯಬೇಕೆಂದು. ಆಸ್ಪತ್ರೆಯಲ್ಲಿ ಡಾಕ್ಟರು ಅದನ್ನು ಕೇಳಿ ಅವನ ಬೆನ್ನು ತಟ್ಟಿದರು. ಹುಚ್ಚುನಾಯಿ ರೋಗ ಒಮ್ಮೆ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದಿಲ್ಲ, ಕಾಣಿಸಿಕೊಳ್ಳದಂತೆ ತಡೆಯುವುದೇ ದಾರಿ, ಅದು ನಲ್ಲಿಯ ಕೆಳಗೇ ಶುರುವಾಗುತ್ತದೆ ಎಂದರು. ಮರಿ ಚಿಕ್ಕದು, ಹಾಲುಹಲ್ಲು ಎಂದು ಯಾರೂ ಉದಾಸೀನ ಮಾಡಬಾರದು, ರೋಗ ಮರಿಯಲ್ಲೂ ಇರಬಹುದು ಎಂದೂ ಹೇಳಿದರು. ರಕ್ತ ಬಂದಿದ್ದರಿಂದ ಗಾಯದ ಸುತ್ತ ಒಂದು ಮದ್ದು, ಎರಡೂ ತೋಳಿಗೆ ಲಸಿಕೆ. ಆವತ್ತು, ಆಮೇಲೆ 3ನೆಯ, 7ನೆಯ ಮತ್ತು 28ನೆಯ ದಿನ.

"ಇಷ್ಟೇನಾ?" ಎಂದು ಅತ್ತೆಗೆ ಆಶ್ಚರ್ಯ. ಅವರ ಮನಸ್ಸಿನಲ್ಲಿದ್ದದ್ದು ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಚುಚ್ಚುತ್ತಿದ್ದ ಇಂಜೆಕ್ಷನ್ನು. ನನ್ನ ಬಾಲ್ಯದಲ್ಲೂ ಅದೇ ಇತ್ತು. ಕುರಿಯ ಮೆದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಯಲ್ಲಿ. ಅದಕ್ಕೂ ಹಿಂದೆ, ಅತ್ತೆಯ ತಾತನ ಕಾಲದಲ್ಲಿ, ನಾಯಿ ಕಚ್ಚಿದವರು ರೈಲು ಹತ್ತಿ ಕೂನೂರಿಗೆ ಹೋಗುತ್ತಿದ್ದರಂತೆ. ಅಲ್ಲಿನ ಪಾಸ್ಚರ್ ಸಂಸ್ಥೆ 1907ರದು. ಲೂಯಿ ಪಾಸ್ಚರ್ ಪ್ಯಾರಿಸ್ಸಿನಲ್ಲಿ ಒಂಬತ್ತು ವರ್ಷದ ಹುಡುಗನಿಗೆ ಈ ಲಸಿಕೆಯನ್ನು ಮೊದಲು ಕೊಟ್ಟದ್ದು 1885ರಲ್ಲಿ. ಆಟೋದಲ್ಲಿ ಬರುವಾಗ ಮಗ ಇದನ್ನೆಲ್ಲ ದಾದಿಗೆ ವಿವರಿಸುತ್ತಿದ್ದ. ಅವನು ಮಾತಾಡುತ್ತಿದ್ದದ್ದು ತನ್ನ ಹೆದರಿಕೆಗೆ ಎಂದು ನನಗೆ ಗೊತ್ತಾಗುತ್ತಿತ್ತು. ಮರಿಗೆ ಇನ್ನೇನು ಗತಿ ಎಂದು ಅವನಿಗೆ ಗೊತ್ತಿತ್ತು.

ರಾತ್ರಿ ಇವರು, "ನಾಳೆ ಸಂತೆ ಮೈದಾನದಲ್ಲಿ ಬಿಟ್ಟು ಬರ್ತೀನಿ" ಎಂದರು. ಮಗ ಏನೂ ಹೇಳದೆ ಎದ್ದು ಹೋದ. ಬೇಡ ಎಂದವರು ಅತ್ತೆ. ದಯೆಯಿಂದೇನೂ ಅಲ್ಲ. "ಡಾಕ್ಟರು ಹತ್ತು ದಿನ ಅದನ್ನ ನೋಡ್ತಾ ಇರಿ ಅಂದಿದ್ದಾರೆ. ಬಿಟ್ಟು ಬಂದರೆ ಯಾರನ್ನ ನೋಡ್ತೀಯ ಬೇಟಾ?" ಎಂದರು.

ಹೀಗೆ ಸಿಕ್ಕ ಹತ್ತು ದಿನಗಳಲ್ಲಿ ಎರಡನೆಯ ದಿನವೇ ನಾನು, ಮಗ ಶೇರುವನ್ನು ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಅಲ್ಲಿನ ವಯಸ್ಸಾದ ಡಾಕ್ಟರು ಮೊದಲು ಕೇಳಿದ್ದು, ತಾಯಿ ಮತ್ತು ಒಡಹುಟ್ಟುಗಳ ಜೊತೆ ಎಷ್ಟು ದಿನ ಇತ್ತು ಎಂದು. ಐದು ವಾರ ಎಂದೆವು. "ಎಂಟು ವಾರವಾದರೂ ಇರಬೇಕಿತ್ತು. ಅಲ್ಲೇ ಇದರ ಪಾಠಶಾಲೆ" ಎಂದರು.

ಮರಿಗಳಿಗೆ ಬಾಯಿಯೇ ಕೈ ಎಂದು ಅವರು ವಿವರಿಸಿದರು. ಮುಟ್ಟಿ ನೋಡುವುದು, ಎತ್ತಿ ನೋಡುವುದು, ಆಟಕ್ಕೆ ಕರೆಯುವುದು ಎಲ್ಲ ಬಾಯಿಂದಲೇ. ಒಂದು ಮರಿ ಇನ್ನೊಂದನ್ನು ಜೋರಾಗಿ ಕಚ್ಚಿದರೆ ಕಚ್ಚಿಸಿಕೊಂಡದ್ದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ಹಾಲು ಕುಡಿಯುವಾಗ ಕಚ್ಚಿದರೆ ತಾಯಿ ಎದ್ದು ಹೋಗುತ್ತದೆ. ಜೋರಾಗಿ ಕಚ್ಚಿದರೆ ಜೊತೆ ತಪ್ಪುತ್ತದೆ ಎಂದು ಮರಿ ತಾನಾಗಿಯೇ ಬಾಯಿಯ ಬಿಗಿ ಸಡಿಲಿಸುತ್ತದೆ. "ಕಚ್ಚೋದನ್ನ ಯಾರೂ ಕಲಿಸಬೇಕಾಗಿಲ್ಲ. ಬಿಡೋದನ್ನ ಕಲಿಸಬೇಕು. ಇದಕ್ಕೆ ಕಲಿಸುವವರು ಲಾರಿ ಕೆಳಗೆ ಹೋದರು" ಎಂದರು.

ಆಮೇಲೆ ನನ್ನ ಕಡೆ ತಿರುಗಿ, "ಹೊಡೆದಿದ್ದೀರೇನಮ್ಮ?" ಎಂದರು.

"ಇಲ್ಲ" ಎಂದೆ.

ಮಗ ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನಾನು ಕೇಳಿಲ್ಲ. ಡಾಕ್ಟರು ಸುಮ್ಮನೆ ತಮ್ಮ ಕೈಯನ್ನು ಮರಿಯ ತಲೆಯ ಮೇಲೆ ಎತ್ತಿದರು. ಅದು ಮೇಜಿಗೆ ಅಂಟಿಕೊಂಡಂತೆ ಕುಸಿದು ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸಿತು. ಅವರು ಕೈ ಇಳಿಸಿ, ಅಂಗೈ ಬಿಡಿಸಿ ಕೆಳಗಿನಿಂದ ಚಾಚಿದರು. ಬಹಳ ಹೊತ್ತಿನ ಮೇಲೆ ಅದು ಮೂಸಿತು. "ಕೈ ಅಂದರೆ ಅನ್ನ ಅಂತ ಮೊದಲು ಇದಕ್ಕೆ ಗೊತ್ತಾಗಲಿ" ಎಂದರು. ಬೇರೆ ಏನೂ ಹೇಳಲಿಲ್ಲ.

ಅವರು ಕೊಟ್ಟ ಪಾಠ ಚಿಕ್ಕದು. ಕೈಕಾಲುಗಳನ್ನು ಆಟಿಕೆ ಮಾಡಬೇಡಿ. ಹಲ್ಲು ಮೈಗೆ ತಾಗಿದ ತಕ್ಷಣ ಒಂದೇ ಒಂದು ಮಾತು ಹೇಳಿ, ಮರದಂತೆ ನಿಂತುಬಿಡಿ. ಓಡಬೇಡಿ, ಕೈ ಎಳೆದುಕೊಳ್ಳಬೇಡಿ, ಕಣ್ಣು ಕೊಡಬೇಡಿ. ಬಿಡದಿದ್ದರೆ ಅರ್ಧ ನಿಮಿಷ ಬಾಗಿಲಾಚೆ ಹೋಗಿ ಮತ್ತೆ ಬನ್ನಿ. ಬಂದ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ. ಕಚ್ಚಲು ಅದರದೇ ಆದ ವಸ್ತು ಕೊಡಿ. ತೆಂಗಿನ ಸಿಪ್ಪೆ ಬೇಡ, ನಾರು ಹೊಟ್ಟೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹಳೆಯ ಬಟ್ಟೆಯನ್ನು ಗಟ್ಟಿಯಾಗಿ ಗಂಟು ಹಾಕಿ, ನೆನೆಸಿ ಫ್ರಿಜ್ಜಿನಲ್ಲಿಟ್ಟು ಕೊಟ್ಟರೆ ಒಸಡಿಗೆ ತಂಪು. ದಿನದಲ್ಲಿ 18 ಗಂಟೆ ನಿದ್ದೆ ಬೇಕಾದ ಜೀವ ಇದು, ನಿದ್ದೆಗೆಟ್ಟ ಮಗುವಿನ ಹಾಗೆ ನಿದ್ದೆಗೆಟ್ಟ ಮರಿಯೂ ಮೊಂಡಾಟ ಮಾಡುತ್ತದೆ, ಮಲಗಲು ಬಿಡಿ. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆಗೆ ಕರೆತನ್ನಿ. ಕೊನೆಯದಾಗಿ, ಮನೆಯವರೆಲ್ಲ ಒಂದೇ ರೀತಿ ನಡೆದುಕೊಳ್ಳಿ.

ಕಷ್ಟವಾದದ್ದು ಈ ಕೊನೆಯದೇ. ಅಲ್ಲಿಯವರೆಗೆ ಮಗ ‘ನೋ’ ಎನ್ನುತ್ತಿದ್ದ, ಮಗಳು ‘ಬಿಡೋ’ ಎನ್ನುತ್ತಿದ್ದಳು, ಇವರು ‘ಹೇಯ್’ ಎನ್ನುತ್ತಿದ್ದರು. ಅತ್ತೆ ನಮ್ಮ ದಖ್ಖನಿಯಲ್ಲಿ ‘ನಕ್ಕೋ’ ಎನ್ನುತ್ತಿದ್ದರು. ಮೂರು ಭಾಷೆಯ ಮನೆಯಲ್ಲಿ ಬೆಳೆದ ನಮಗೆ ಇದರಲ್ಲಿ ವಿಶೇಷ ಕಾಣಿಸಿರಲಿಲ್ಲ. ಮರಿಗೆ ಅದು ನಾಲ್ಕು ಸದ್ದು, ಒಂದಕ್ಕೂ ಅರ್ಥವಿಲ್ಲ. ಯಾವ ಮಾತು ಇಟ್ಟುಕೊಳ್ಳುವುದು ಎಂದು ರಾತ್ರಿ ಊಟಕ್ಕೆ ಕೂತಾಗ ಚರ್ಚೆಯಾಯಿತು. ಮಗಳು, "ಕಚ್ಚಿಸಿಕೊಂಡವರು ದಾದಿ. ದಾದಿಯ ಮಾತೇ ಇರಲಿ" ಎಂದಳು. ನಕ್ಕೋ ಎಂದು ತೀರ್ಮಾನವಾಯಿತು. ಅತ್ತೆ ನಗು ಅಡಗಿಸಿಕೊಂಡು ರೊಟ್ಟಿ ಮುರಿದರು.

ಮೊದಲ ನಾಲ್ಕೈದು ದಿನ ಕಚ್ಚುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. ನಿನ್ನೆಯವರೆಗೆ ಕಚ್ಚಿದರೆ ಕುಣಿಯುತ್ತಿದ್ದ ಜನ ಇವತ್ತು ಕಂಬದಂತೆ ನಿಂತಿದ್ದಾರೆಂದರೆ ಅದಕ್ಕೂ ಗಲಿಬಿಲಿ. ಇನ್ನೂ ಜೋರಾಗಿ ಕರೆದು ನೋಡುತ್ತಿತ್ತು. ಇಲ್ಲಿಯೇ ಹೆಚ್ಚಿನವರು ಸೋಲುವುದು, ಪೊರಕೆ ಕೈಗೆ ಬರುವುದು. ಮಗ ಎಲ್ಲಿಂದಲೋ ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರ ಮಾತನ್ನು ಓದಿಕೊಂಡು ಬಂದಿದ್ದ. ನಾಯಿಮರಿಗಳ ಕಲಿಕೆಯ ಬಗ್ಗೆ ಬಹಳ ಬರೆದವರು. ಅವರ ಪ್ರಕಾರ ಮೊದಲು ಇಳಿಯಬೇಕಾದದ್ದು ಕಚ್ಚಿನ ಭಾರ, ಆಮೇಲೆ ಕಚ್ಚಿನ ಲೆಕ್ಕ. ಹಾಗೆಯೇ ಆಯಿತು. ಮೂರನೆಯ ವಾರದಲ್ಲೂ ಹಲ್ಲು ತಾಗುತ್ತಿತ್ತು, ಆದರೆ ಚುಚ್ಚುತ್ತಿರಲಿಲ್ಲ. ಆಮೇಲೆ ತಾಗುವುದೂ ಅಪರೂಪವಾಯಿತು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಲಿಸಿದವರು ಅತ್ತೆ ಎಂದರೆ ನೀವು ನಂಬಬೇಕು. ನಾವು ನಿಂತಲ್ಲೇ ನಿಲ್ಲಲಾರದೆ ಒದ್ದಾಡುತ್ತಿದ್ದೆವು. ಅವರು ವುಜೂ ಮುಗಿಸಿ ಎದ್ದಾಗ ಮರಿ ಓಡಿಬಂದರೆ ಸೀರೆಯನ್ನು ಸ್ವಲ್ಪ ಎತ್ತಿಕಟ್ಟಿ, ಮೆಲುದನಿಯಲ್ಲಿ ನಕ್ಕೋ ಎಂದು, ಕಣ್ಣು ನೆಲಕ್ಕೆ ನೆಟ್ಟು ನಿಂತುಬಿಡುತ್ತಿದ್ದರು. ಮರಿ ಒಂದು ಸುತ್ತು ಬಂದು, ಎರಡು ಸುತ್ತು ಬಂದು, ಬೇಸರವಾಗಿ ಕೂತುಕೊಳ್ಳುತ್ತಿತ್ತು. ನಾನು ಬೆರಗಾದಾಗ, "ಇದರಲ್ಲೇನಿದೆ ಬೇಟೀ? ನಮಾಜಿನಲ್ಲಿ ನಿಂತ ಹಾಗೆ ನಿಂತರೆ ಸಾಕು" ಎಂದರು. ಅರವತ್ತು ವರ್ಷಗಳ ಅಭ್ಯಾಸ ಅವರದು.

ಆ ದಿನಗಳಲ್ಲಿ ಕುರ್‌ಆನಿನ ಕನ್ನಡ ಅನುವಾದ ತಿರುವುತ್ತಿದ್ದಾಗ ಅಲ್ ಮಾಇದ ಅಧ್ಯಾಯದ ಆರಂಭದಲ್ಲಿ ನನ್ನ ಕಣ್ಣು ನಿಂತಿತು. ಬೇಟೆಗಾಗಿ ಪಳಗಿಸಿದ ಪ್ರಾಣಿಗಳು ನಿಮಗಾಗಿ ಹಿಡಿದಿಟ್ಟದ್ದನ್ನು ನೀವು ತಿನ್ನಬಹುದು ಎಂಬ ಅರ್ಥದ ವಚನ. ಅಲ್ಲಾಹನು ನಿಮಗೆ ಕಲಿಸಿದ ತಿಳಿವಿನಿಂದ ನೀವು ಅವಕ್ಕೆ ಕಲಿಸುತ್ತೀರಿ ಎಂಬ ಮಾತೂ ಅಲ್ಲಿದೆ. ಅದೀ ಬಿನ್ ಹಾತಿಂ ಎಂಬ ಸಹಾಬಿ ಇದನ್ನೇ ಕೇಳಿದಾಗ ಪ್ರವಾದಿಯವರು, ನಾಯಿ ಬೇಟೆಯಿಂದ ತಾನೇ ತಿಂದರೆ ಅದು ತನಗಾಗಿ ಹಿಡಿದದ್ದು, ನೀವು ತಿನ್ನಬೇಡಿ ಎಂಬಂತೆ ಉತ್ತರಿಸಿದ್ದರೆಂದು ಹದೀಸಿನಲ್ಲಿದೆ. ಬಾಯಿಗೆ ಸಿಕ್ಕದ್ದನ್ನು ಮೂರು ಸಲ ತಿನ್ನದೆ ಬಿಟ್ಟರೆ ಅದು ‘ಕಲಿತ ನಾಯಿ’ ಎಂದು ಹನಫಿ ವಿದ್ವಾಂಸರು ಲೆಕ್ಕ ಹೇಳಿದ್ದಾರೆ. ಜೊಲ್ಲಿನ ನಿಯಮ ನಮಗೆಲ್ಲ ಬಾಯಿಪಾಠ. ಅದೇ ಬಾಯಿಗೆ ವಿದ್ಯೆ ಬಂದರೆ ಅದಕ್ಕೊಂದು ಸ್ಥಾನವಿದೆ ಎಂಬ ಮಾತು ಅಷ್ಟು ಹತ್ತಿರದಲ್ಲಿದ್ದೂ ನಾನು ಓದಿರಲಿಲ್ಲ. ಅತ್ತೆಗೆ ಓದಿ ಹೇಳಿದೆ. ಅವರು ಕೇಳಿಸಿಕೊಂಡು, "ಕಲಿಸೋದು ನಮ್ಮ ಮೇಲಿದೆ ಅಂತಾಯ್ತು" ಎಂದರು.

28ನೆಯ ದಿನ ಕೊನೆಯ ಲಸಿಕೆ ಹಾಕಿಸಿಕೊಂಡು ಬರುವಾಗ ಆಟೋದಲ್ಲಿ ನಾವಿಬ್ಬರೇ ಇದ್ದೆವು. ಪೊರಕೆಯ ವಿಷಯ ಹೇಳಿಬಿಟ್ಟೆ. ಪಶು ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅತ್ತೆ ಬಹಳ ಹೊತ್ತು ಹೊರಗೆ ನೋಡುತ್ತ ಕೂತರು. ಆಮೇಲೆ, "ನಾನೂ ನಿನ್ನ ಗಂಡನ್ನ ಹೊಡೆದೇ ಬೆಳೆಸಿದೆ. ಅವನು ಯಾರನ್ನೂ ಕಚ್ಚಲ್ಲ, ನಿಜ. ಆದರೆ ನನ್ನ ಹತ್ತಿರ ಕೂತು ಮಾತೂ ಆಡಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮನೆ ಬರುವವರೆಗೆ ಅವರ ಕೈ ಹಿಡಿದುಕೊಂಡು ಕೂತೆ.

ನಾಲ್ಕನೆಯ ತಿಂಗಳಲ್ಲಿ ಹಿತ್ತಲಿನ ಕಲ್ಲಿನ ಮೇಲೆ ಅಕ್ಕಿಕಾಳಿನಂಥದ್ದೊಂದು ಸಿಕ್ಕಿತು. ಶೇರುವಿನ ಹಾಲುಹಲ್ಲು. ಮಗ ಅದನ್ನು ಬೆಂಕಿಪೊಟ್ಟಣದಲ್ಲಿ ತೆಗೆದಿಟ್ಟ. ಏಳು ತಿಂಗಳಾಗುವ ಹೊತ್ತಿಗೆ ನಾಯಿಗೆ 42 ಗಟ್ಟಿ ಹಲ್ಲುಗಳು ಬರುತ್ತವೆ, ದವಡೆಗೆ ಬಲ ಬರುತ್ತದೆ. ಮೊದಲು ಬರುವ ಹಲ್ಲು ಚೂಪು, ದವಡೆ ಮಾತ್ರ ಬಲಹೀನ. ಕಚ್ಚಿಸಿಕೊಂಡವರು ಕೂಗುವಷ್ಟು ನೋವಾಗುತ್ತದೆ, ದೊಡ್ಡ ಅಪಾಯವಾಗುವುದು ಕಡಿಮೆ. ತಪ್ಪು ಮಾಡಿ ಕಲಿಯಲೆಂದೇ ಕೊಟ್ಟ ಹಲ್ಲು ಅದು. ಆ ಪಾಠ ಹಾಲುಹಲ್ಲು ಬೀಳುವುದರೊಳಗೆ ಆಗಬೇಕು. ಆಗ ಏಟು ಕೊಟ್ಟು ಹೆದರಿಕೆಯನ್ನಷ್ಟೇ ಕಲಿಸಿದರೆ ಗಟ್ಟಿ ಹಲ್ಲು ಬಂದಾಗ ಆ ಹೆದರಿಕೆಯೇ ಕಚ್ಚುತ್ತದೆ.

ಶೇರುವಿಗೆ ಈಗ ಒಂದೂವರೆ ವರ್ಷ. ರಾತ್ರಿ ಅಟ್ಟದ ಕೆಳಗೆ ಮಲಗುತ್ತದೆ. ಹೆಗ್ಗಣಗಳು ಕಡಿಮೆಯಾಗಿವೆ. ಅಸರ್ ನಮಾಜಿನ ಮೇಲೆ ಅತ್ತೆ ಹಿತ್ತಲ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಂಗೈಯಲ್ಲಿ ರಸ್ಕಿನ ತುಂಡು ಇಟ್ಟು ಚಾಚಿದರೆ ಅದು ತುಟಿಯಿಂದ ಮಾತ್ರ ಎತ್ತಿಕೊಳ್ಳುತ್ತದೆ, ಹೆಂಗಸರು ತೊಟ್ಟಿಲ ಮಗುವಿನ ಕೆನ್ನೆ ಮುಟ್ಟುವಷ್ಟು ನಯವಾಗಿ. ಅತ್ತೆ ಎದ್ದು ನಲ್ಲಿಯಲ್ಲಿ ಕೈ ತೊಳೆಯುತ್ತಾರೆ. ಅದು ಅಲ್ಲೇ ಕೂತು ಕಾಯುತ್ತದೆ. ಇಬ್ಬರೂ ತಮ್ಮ ತಮ್ಮ ನಿಯಮ ಬಿಟ್ಟಿಲ್ಲ.

ನನ್ನ ಅಂಗೈಯಿಂದಲೂ ತಿನ್ನುತ್ತದೆ. ಅದಕ್ಕೆ ಬೇರೆಯವರಿಗಿಂತ ಮೂರು ವಾರ ಹೆಚ್ಚು ಹಿಡಿಯಿತು. ಆದರೆ ಬೆಳಿಗ್ಗೆ ಅಂಗಳ ಗುಡಿಸಲು ನಾನು ಪೊರಕೆ ಎತ್ತಿಕೊಂಡರೆ ಶೇರು ಸದ್ದಿಲ್ಲದೆ ಎದ್ದು ಹೋಗಿ ಮೂರನೆಯ ತೆಂಗಿನ ಮರದ ಬುಡದಲ್ಲಿ ಕೂರುತ್ತದೆ. ಬೇರೆ ಯಾರು ಗುಡಿಸಿದರೂ ಏಳುವುದಿಲ್ಲ. ಅಲ್ಲಿಯವರೆಗೆ ಪೊರಕೆ ಚಾಚುವುದಿಲ್ಲ ಎಂದು ಅದು ಎಂದೋ ಅಳೆದಿಟ್ಟುಕೊಂಡಿದೆ. ಈಗೀಗ ಪೊರಕೆ ಮುಟ್ಟುವ ಮುಂಚೆ ನಾನೇ ಅದರ ಹೆಸರು ಹಿಡಿದು ಕರೆಯುತ್ತೇನೆ. ಬಾಲ ಅಲ್ಲಾಡಿಸುತ್ತದೆ. ಆದರೂ ಎದ್ದು ಹೋಗುತ್ತದೆ.